ಉಬ್ಬರದ ವೇಳಾಪಟ್ಟಿ

ಟೆಗನ್ ಬಂದದ್ದು ಒಂದು ಮಂಗಳವಾರ,
ಮೂರು ಕಪ್ಪು ಚೀಲಗಳೊಂದಿಗೆ.
ಕಸ ಕಟ್ಟುವ ಚೀಲ. ಒಂದರ ಮೂಲೆ ಹರಿದು
ಕಾಲುಚೀಲವೊಂದು ನಾಲಿಗೆಯಂತೆ ಹೊರಗೆ.
ಹದಿನೈದು ವರ್ಷ, ಐದು ಮನೆ.
ಐದೂ ಮನೆ ಸಾಕು ಅಂದವು.
ಸಾಕುತ್ತೇನೆಂದು ನಾನು ಸಹಿ ಹಾಕಿದೆ.
ಅದೇ ಅಕ್ಷರ, ಬಾಲ ಬೇರೆ.

ಬಟ್ಟೆ ಕಪಾಟಿಗೆ ಹೋಯಿತು.
ಚೀಲ ಕಸಕ್ಕೆ ಹೋಗಲಿಲ್ಲ.
ಗಾಳಿ ಹಿಂಡಿ, ನಾಲ್ಕು ಮಡಿಕೆ ಮಡಚಿ
ಹಾಸಿಗೆಯಡಿ ಇಟ್ಟುಕೊಂಡಳು.
ಹೊದಿಕೆ ಬದಲಿಸುವಾಗ ಕೈಗೆ ತಾಗಿತು.
ಇದ್ದ ಹಾಗೇ ಬಿಟ್ಟೆ.

ಸಮಾಜ ಕಾರ್ಯಕರ್ತೆ ಮಿಸ್ ಪೆನ್‌ಹೇಲ್ ಕೊಟ್ಟ ನಮೂನೆ
ಹನ್ನೆರಡು ಪುಟ.
ಅಪಾಯ: ಕಡಿಮೆ, ಮಧ್ಯಮ, ಹೆಚ್ಚು. ಒಂದಕ್ಕೆ ಗುರುತು ಹಾಕಿ.
ರಾತ್ರಿ ಹನ್ನೊಂದಾದರೂ ಬರಲಿಲ್ಲ: ಹೆಚ್ಚು.
ಅಂಗಿಯಲ್ಲಿ ಹೊಗೆಯ ವಾಸನೆ: ಮಧ್ಯಮ.
ಕೇಳಿದ್ದಕ್ಕೆ "ನೀನೇನು ನನ್ನಮ್ಮನಾ" ಅಂದಳು:
ಅದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಪಕ್ಕದ ಮನೆಯ ಮುದುಕ ಬಂದು ಹೇಳಿದ,
ನಿಮ್ಮ ಹುಡುಗಿ ದಂಡೆಯ ಗೋಡೆಯಿಂದ
ಸಮುದ್ರಕ್ಕೆ ಹಾರುತ್ತಾಳೆ.
ನಿಮ್ಮ ಹುಡುಗಿ. ಆ ಮಾತು ಮೊದಲು ಕೇಳಿಸಿತು,
ಸಮುದ್ರ ಆಮೇಲೆ.

ಮೂವತ್ತೊಂದು ವರ್ಷ ಈ ಪ್ಲಿಮತ್ತಿನ
ಇಳಿಜಾರುಗಳಲ್ಲಿ ಬಸ್ಸು ಓಡಿಸಿದವಳು ನಾನು.
ಅವಳು ಗೋಡೆಯ ತುದಿಯಲ್ಲಿ, ಕೈ ಚಾಚಿ,
ಕೆಳಗೆ ಹುಡುಗರ ಕೇಕೆ.
ನನ್ನ ಬಲಗಾಲು ಇಲ್ಲದ ಬ್ರೇಕನ್ನು
ಕಲ್ಲಿನ ಮೇಲೆ ಒತ್ತಿತು.
ಹಾರಿದಳು.
ನೀರು ಮುಚ್ಚಿತು. ತಡವಾಗಿ ತೆರೆಯಿತು.

ತುಟಿ ನೀಲಿಗಟ್ಟಿ, ನನ್ನ ಕೋಟು ಹೊದ್ದು ಹೇಳಿದಳು:
"ಆರೂ ನಲವತ್ತಕ್ಕೆ ಉಬ್ಬರ. ಆಚೀಚೆ ಅರ್ಧ ಗಂಟೆ ಮಾತ್ರ.
ಎಡಗಡೆ ಬಂಡೆ ಇದೆ, ಅಲ್ಲಿ ಹಾರಬಾರದು.
ಮೊದಲೇ ಇಳಿದು ಆಳ ನೋಡಿದ್ದೇನೆ."
ಫೋನಿನಲ್ಲಿ ತಿಂಗಳಿಡೀ ಉಬ್ಬರ ಇಳಿತದ ಸಮಯ,
ನನ್ನ ಬಸ್ಸಿನ ಪಟ್ಟಿಯೂ ಇಷ್ಟು ಚೊಕ್ಕ ಇರಲಿಲ್ಲ.
ಸಮುದ್ರ ಹೇಳಿದ ಹೊತ್ತಿಗೆ ಬರುತ್ತದೆ,
ಅಂದಳು, ಯಾರನ್ನೂ ನೋಡದೆ.

ಬೈದೆ. ಬೈಯಬೇಕಿತ್ತು.
ಬೆನ್ನು ಮುರಿದುಕೊಂಡ ಹುಡುಗನ ಕತೆ ಹೇಳಿದೆ,
ತಣ್ಣೀರಿಗೆ ನಿಂತುಹೋದ ಎದೆಯದೂ.
ಮನೆಗೆ ಬಂದು ಇಬ್ಬರೂ ಆಲೂಗಡ್ಡೆ ಸುಲಿದೆವು.
ಅವಳದು ದಪ್ಪ ಸಿಪ್ಪೆ.
ನಮೂನೆಯಲ್ಲಿ 'ಹೆಚ್ಚು' ಎಂದೇ ಗುರುತು ಹಾಕಿದೆ.
ಗೆರೆಯಾಚೆ ಸಣ್ಣಕ್ಕೆ ಬರೆದೆ:
ನೀರಿಗಾದರೆ ಆಳ ನೋಡಿ ಹಾರುತ್ತಾಳೆ.
ಮನೆಗಳ ಆಳ ನೋಡಲು ಅವಳಿಗೆ ಯಾರೂ ಬಿಟ್ಟಿಲ್ಲ.

ಈ ಗುರುವಾರ ಕಸದ ಲಾರಿಯ ದಿನ.
ಬೆಳಿಗ್ಗೆ ಹೊಸ್ತಿಲ ಬಳಿ ಕಪ್ಪು ಚೀಲವೊಂದು
ಕತ್ತು ಬಿಗಿದುಕೊಂಡು ಕೂತಿತ್ತು.
ಮುಟ್ಟಿ ನೋಡುವ ತನಕ ನಾನು ಉಸಿರಾಡಲಿಲ್ಲ.
ಸಿಪ್ಪೆ. ಚಹಾದ ಚರಟ. ಹಳೇ ಪತ್ರಿಕೆ.
ಹರಿದ ಮೂಲೆಗೆ ಟೇಪು.
ಮೆಟ್ಟಿಲ ಮೇಲಿನಿಂದ ಕೂಗು:
"ಅಡುಗೆಮನೆಯಲ್ಲಿ ಚೀಲ ಮುಗಿದಿತ್ತು, ಅಷ್ಟೇ!"

ಇನ್ನೆರಡು ಹಾಸಿಗೆಯಡಿಯೇ ಇವೆ.
ಇವತ್ತು ಉಬ್ಬರ ಏಳೂ ಇಪ್ಪತ್ತಕ್ಕೆ.
ಕೋಟು ಒಣಗಿದೆ,
ಬಾಗಿಲ ಮೊಳೆಗೆ ನೇತುಹಾಕಿದ್ದೇನೆ.