ಮಧ್ಯದ ಬಾಗಿಲು

ಮೊದಲೆಲ್ಲ ಬೆಳಗೆಂದರೆ ಹೀಗಿತ್ತು:
ನಾಲ್ಕೂವರೆಗೆ ದೀಪ. ಅವಳ ಓಟ್ಸ್ ಗಂಜಿ, ಅವಳ ಬೂಟು,
ಕೈಗವಸಿನಲ್ಲಿ ಎಡಗೈಯದು ಯಾವಾಗಲೂ ನಾಪತ್ತೆ.
'ಬೇಗ, ಮಿರ್ತೆಲ್, ಬೇಗ' ಎಂದು ಎಂದು
ಆ ಎರಡಕ್ಷರ ನನ್ನ ಬಾಯಲ್ಲಿ
ಇನ್ನೊಂದು ಹಲ್ಲಿನಂತೆ ಬೇರುಬಿಟ್ಟಿತ್ತು.

ಶಾಲೆಯ ಗೇಟು ತೆರೆಯುವ ಎಷ್ಟೋ ಮುಂಚೆ
ಕಾವಲಿನ ಮುದುಕಿಯ ಕೋಣೆಯಲ್ಲಿ
ಮಗಳನ್ನು ಒತ್ತೆಯಿಟ್ಟಂತೆ ಕೂರಿಸಿ
ಡಿಪೋಗೆ ಓಡುತ್ತಿದ್ದೆ.
ದಿನವಿಡೀ ಮಡಿಲಲ್ಲಿ ಕೆಂಡ.
ನೂರು ಜನರನ್ನು ತಾಲಿನ್ನಿನ ಹಿಮದಲ್ಲಿ
ಹಳಿಯ ಮೇಲೆ ಸಲೀಸಾಗಿ ಸಾಗಿಸುವ ಕೈ
ಒಂಬತ್ತು ವರ್ಷದ ಒಬ್ಬಳನ್ನು
ಬಿಡಲು ನಡುಗುತ್ತಿತ್ತು.

ಒಂದು ದಿನ ಕೈರೆ, ರಾತ್ರಿಪಾಳಿ ಮುಗಿಸಿ ಬಂದವಳು,
ಕೂದಲಲ್ಲಿನ್ನೂ ಆಸ್ಪತ್ರೆಯ ವಾಸನೆ,
ನನ್ನ ತಟ್ಟೆಯ ಪಕ್ಕ ಒಂದು ಬೀಗದಕೈ ಇಟ್ಟಳು.
'ನಿನಗಲ್ಲ' ಎಂದಳು.
ನಾನು ನೂರು ಮಾತಾಡಿದೆ: ಕತ್ತಲೆ, ಮಂಜುಗಡ್ಡೆ, ಲಾರಿ,
ಅಪರಿಚಿತರು, ಒಲೆ.
ಅವಳು ಕೇಳುತ್ತ ಕೇಳುತ್ತ ಕೂತಲ್ಲೇ ನಿದ್ದೆಹೋದಳು.
ಅಷ್ಟರಲ್ಲಿ ಮಿರ್ತೆಲ್ ಕೆಂಪು ಉಣ್ಣೆಯ ದಾರಕ್ಕೆ
ಬೀಗದಕೈ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು.

ಮೊದಲ ವಾರ ಗಂಜಿ ಸೀದಿತು.
ಆ ಪಾತ್ರೆಯನ್ನು ನಾನು ತಿಕ್ಕಲಿಲ್ಲ.
(ರಾತ್ರಿ ಎದ್ದು ಎರಡು ಸಲ ನೋಡಿ ಬಂದೆ, ನಿಜ.)
ಮೂರನೇ ದಿನ ಅವಳೇ ತಿಕ್ಕಿದಳು,
ನಾನೆಂದೂ ಕೇಳದ ಯಾವುದೋ ಹಾಡು ಗುನುಗುತ್ತ.
ಎಡಗೈ ಗವಸು ಸಿಕ್ಕಿತು. ನಾನು ಹುಡುಕಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ,
ಏಳೂಮುಕ್ಕಾಲಾದರೂ ಆಕಾಶ ಕಣ್ಣುಬಿಟ್ಟಿರಲಿಲ್ಲ,
ನಿಲ್ದಾಣ ಸಮೀಪಿಸುವಾಗ ನನ್ನ ಹೆಡ್‌ಲೈಟಿಗೆ
ಒಂದು ಬಿಲ್ಲೆ ಮಿನುಗಿತು.
ಇಲ್ಲಿ ಚಳಿಗಾಲಕ್ಕೆ ಎಲ್ಲರ ಕೋಟಿಗೂ ಅಂಥದೊಂದು ತೂಗುತ್ತದೆ,
ಆದರೆ ಮುಳ್ಳುಹಂದಿಯ ಆಕಾರದ್ದು, ಒಂದು ಕಿವಿ ಮುರಿದದ್ದು
ಊರಿಗೆಲ್ಲ ಒಂದೇ.
ಎದೆ ಧಸಕ್ಕೆಂದಿತು.

ಮಧ್ಯದ ಬಾಗಿಲಿಂದ ಹತ್ತಿದಳು.
ಕಾರ್ಡು ತಾಗಿಸಿದ ಸದ್ದು.
ಕನ್ನಡಿಯಲ್ಲಿ ಅವಳ ಟೊಪ್ಪಿಯ ಗೊಂಡೆ ಮಾತ್ರ,
ಆಮೇಲೆ ಬೆರಳು: ಮಂಜುಹಿಡಿದ ಗಾಜಿನ ಮೇಲೆ
ಏನನ್ನೋ ಬರೆದು, ಅಳಿಸಿ, ಮತ್ತೆ ಬರೆಯುತ್ತ.
ಯಾರ ಮಗಳೋ ಎನ್ನುವಷ್ಟು ನೆಮ್ಮದಿಯಾಗಿ.

ಮೈಕಿನ ಗುಂಡಿ ಒತ್ತಿಬಿಟ್ಟೆ.
ಕಂಬಿ ಹಿಡಿದುಕೋ ಮಗಳೇ,
ಮಫ್ಲರ್ ಸುತ್ತಿಕೋ, ಊಟದ ಡಬ್ಬಿ ತಂದೆಯಾ,
ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು,
ಹತ್ತಲು ಜಾಗವಿಲ್ಲದ ಪ್ರಯಾಣಿಕರಂತೆ.
'ಮುಂದಿನ ನಿಲ್ದಾಣ, ಬೇಕರಿ ತಿರುವು' ಎಂದೆ.
ಗೊಂಡೆ ಒಮ್ಮೆ ಎತ್ತಿತು.
ಟೊಪ್ಪಿ ಕಣ್ಣಿನವರೆಗೆ ಕೆಳಗೆಳೆಯಲ್ಪಟ್ಟಿತು.
ನಾಚಿಕೆ ನನ್ನ ಬಗ್ಗೆಯೇ ಇರಬೇಕು.

ಶಾಲೆಗೆ ಇನ್ನೂ ಒಂದು ನಿಲ್ದಾಣವಿರುವಾಗಲೇ ಇಳಿದಳು.
ಏಕೆ? ಎಲ್ಲಿಗೆ?
ಬಾಗಿಲು ಮುಚ್ಚಲು ಎಂಟು ಸೆಕೆಂಡು.
ಇಳಿದು ಓಡಬಹುದಿತ್ತು, ನೂರು ಜನರನ್ನು ಹಳಿಯ ಮೇಲೇ ಬಿಟ್ಟು.
ಪಕ್ಕದ ಕನ್ನಡಿಯಲ್ಲಿ ಮುಳ್ಳುಹಂದಿ
ಇನ್ನೊಂದು ಪುಟ್ಟ ಮಿನುಗಿನ ಪಕ್ಕ ಬಂದು ನಿಂತಿತು.
ಎರಡೂ ಕುಣಿಯುತ್ತ ಹಿಮದಲ್ಲಿ ಹೋದವು,
ನನ್ನ ಬೆಳಕು ಎಟಕುವವರೆಗೂ,
ಆಮೇಲೆ ತಮ್ಮ ಪಾಡಿಗೆ.

ಗಂಟೆ ಬಾರಿಸಿ ಹೊರಟೆ.
ಕೊನೆಯ ನಿಲ್ದಾಣದಲ್ಲಿ ಫ್ಲಾಸ್ಕ್ ತೆರೆದೆ.
ಕಾಫಿ ಬಿಸಿಯಾಗಿ ಕುಡಿದು ಎಷ್ಟು ವರ್ಷವಾಗಿತ್ತೋ,
ನಾಲಿಗೆ ಸುಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ನಾನು ಏನೂ ಕೇಳಲಿಲ್ಲ.
ಆಲೂಗಡ್ಡೆ ಸುಲಿಯುತ್ತ ಅವಳೇ ಅಂದಳು:
'ಅಪ್ಪ, ಬೇಕರಿ ತಿರುವಿನಲ್ಲಿ
ನೀನು ಸ್ವಲ್ಪ ಜೋರು.'