ಮೂಲೆಯ ಚೌಕ

ಭಾನುವಾರ ಬೆಳಿಗ್ಗೆ ಕಚೇರಿಗೆ ಬಂದಾಗ
ನಮ್ಮ ನಕ್ಷೆಗಳ ಬಲಮೂಲೆಯ ಚೌಕದಲ್ಲಿ
ಸಲೂಮ್ ಸಾಹೇಬರ ಹೆಸರಿರಲಿಲ್ಲ.
ಸಾವಿರದ ನಾನೂರ ಹನ್ನೆರಡು ಹಾಳೆ,
ಮುಗಿದ ಶಾಲೆ, ಅರ್ಧಕ್ಕೆ ನಿಂತ ಮಸೀದಿ,
ಕಟ್ಟದೇ ಉಳಿದ ಮೂವತ್ತು ಅಂತಸ್ತು ಸಹ.
ರಾತ್ರಿ ಯಾರೋ ಒಂದು ಗುಂಡಿ ಒತ್ತಿ
ಎಲ್ಲಕ್ಕೂ ಹೊಸ ತಂದೆಯ ಹೆಸರು ಬರೆದಿದ್ದರು.
‘ಪರಿಶೀಲಿಸಿದವರು’ ಎಂಬ ಕಿರುಮನೆಯಲ್ಲಿ ಮಾತ್ರ
ನನ್ನ ಎರಡಕ್ಷರ ಹಾಗೇ ಇದ್ದವು,
ಮನೆ ಮಾರಿದ ಮೇಲೂ ಗೋಡೆಯಲ್ಲಿ ಉಳಿದ ಮೊಳೆಯಂತೆ.

ಸಭೆಯಲ್ಲಿ ಕೇಕು ಕತ್ತರಿಸಿದರು.
ಟೊರಾಂಟೋದಿಂದ ಬಂದವನು ನಮ್ಮನ್ನು ಕುಟುಂಬ ಅಂದ.
ಆಮೇಲೆ ಪರದೆಯ ಮೇಲೆ ಒಂದು ಸಾಲು:
ಎರಡು ಲಕ್ಷ ದಿನಾರಿನ ಕೆಳಗಿನ ಕೆಲಸ
ಇನ್ನು ನಮಗೆ ಬೇಡ.
ಸಲೂಮ್ ಹಿಂದಿನ ಸಾಲಿನಲ್ಲಿ ಕೂತು
ಕಾಗದದ ತಟ್ಟೆಯ ಅಂಚು ಮಡಚುತ್ತಿದ್ದರು.
ಮಾರಿದವರ ಮುಖ ಹೇಗಿರುತ್ತದೆಂದು ನೋಡಬೇಕಿತ್ತು ನನಗೆ.
ನಿದ್ದೆ ಬಂದವರ ಹಾಗಿತ್ತು, ಅಷ್ಟೆ.

ನಾನು ಮನಾಮಾಕ್ಕೆ ಬಂದ ವರ್ಷ
ಇದೇ ಮೇಜಿನಿಂದ ಸಮುದ್ರ ಕಾಣುತ್ತಿತ್ತು.
ಈಗ ಪಾರ್ಕಿಂಗ್, ಅದರಾಚೆ ಮಾಲ್,
ಅದರಾಚೆ ಇನ್ನೂ ಹೆಸರಿಡದ ಮರಳು.
ಇಲ್ಲಿ ಕಡಲು ನೆಲವನ್ನು ನುಂಗುವುದಿಲ್ಲ.
ನೆಲವೇ ಲಾರಿ ಲಾರಿಯಾಗಿ ಬಂದು ಕಡಲನ್ನು ನುಂಗಿ
ಆಮೇಲೆ ತನಗೆ ಕಡಲ ಹೆಸರನ್ನೇ ಇಟ್ಟುಕೊಳ್ಳುತ್ತದೆ.

ಮನೆ ಕಟ್ಟಿ ನೋಡು ಅಂದರು ಹಿರಿಯರು.
ಕಚೇರಿ ಕಟ್ಟಿ ನೋಡು ಅನ್ನಲಿಲ್ಲ.
ಪರವಾನಗಿ, ಅದಕ್ಕೊಂದು ವಿಳಾಸ,
ವಿಳಾಸಕ್ಕೊಂದು ಬಾಡಿಗೆ, ವಿಮೆ,
ತಂತ್ರಾಂಶದ ವರ್ಷದ ಕಂತು, ಶಾಲೆಯ ಫೀಜು.
ಮಗಳ ವೀಸಾ ನನ್ನ ವೀಸಾದ ಬಾಲ,
ನನ್ನದು ಈಗ ಟೊರಾಂಟೋದ ಬಾಲ.
ಹುಬ್ಬಳ್ಳಿಯಿಂದ ಅಕ್ಕ ಫೋನಿನಲ್ಲಿ:
‘ಆರು ತಿಂಗಳ ಹೆಂಗೋ ದಾಟತೀ.
ಏಳನೇದಕ್ಕ ನನ್ನ ಕೇಳಬ್ಯಾಡ.’

ಕಾಸರಗೋಡಿನ ಕುಂಞಾಮು,
ಹನ್ನೊಂದು ವರ್ಷ ನನ್ನ ಗೀಟುಗಳನ್ನು ನೇರ ಮಾಡಿದವನು,
ಲಿಫ್ಟಿನಲ್ಲಿ, ಬಾಗಿಲು ಮುಚ್ಚಿದ ಮೇಲೆ,
‘ಮೇಡಂ, ಹೋಗುವುದಾದರೆ ಮೊದಲು ನನಗೆ ಹೇಳಿ’ ಅಂದ.
ಅದು ಧೈರ್ಯವೋ, ಇನ್ನೊಂದು ಮನೆಯ ಬಾಡಿಗೆಯೋ,
ಕೆಳಗಿಳಿಯುವವರೆಗೂ ತಿಳಿಯಲಿಲ್ಲ.

ಮುಹರ್ರಕ್‌ನ ಓಣಿಯಲ್ಲಿ ಉಮ್ಮ್ ಜಾಸಿಮ್‌ಳ ಮನೆ.
ಹವಳದ ಕಲ್ಲಿನ ಗೋಡೆ, ಒರಗಿದರೆ ಬೆನ್ನಿಗೆ ಉಪ್ಪು.
ಆಕೆಗೆ ಬೇಕಿರುವುದು ಮಾಳಿಗೆಗೆ ಮೆಟ್ಟಿಲು,
ಆಕೆಯ ಮಂಡಿ ಒಪ್ಪುವಂಥದ್ದು.
ಒಟ್ಟು ಕೆಲಸ ನಾಲ್ಕು ಸಾವಿರ ದಿನಾರು.
‘ಮುಹಂದಿಸಾ, ನಿಮ್ಮ ಕಂಪನಿ ದೊಡ್ಡದಾಯಿತಂತೆ, ಮಬ್ರೂಕ್’ ಎಂದಳು
ಏಲಕ್ಕಿ ಕಾಫಿಯನ್ನು ಮೂರನೇ ಸಲ ಬಗ್ಗಿಸುತ್ತ.
ನನ್ನ ಮೆಟ್ಟಿಲ ಗತಿಯೇನು ಎಂದು ಕೇಳಲಿಲ್ಲ.
ಅದೇ ಹಳೆಯ ಮೆಟ್ಟಿಲ ಮೇಲೆ ಕೂತು
ಮಂಡಿ ತಿಕ್ಕಿಕೊಂಡಳು.

ಶುಕ್ರವಾರ. ಅಡುಗೆಮನೆಯ ಮೇಜಿನ ಮೇಲೆ ಬಟರ್ ಪೇಪರ್.
ಮೂಲೆಯಲ್ಲಿ ಚೌಕ ಹಾಕಿಲ್ಲ,
ಕೈ ಮಾತ್ರ ಅಲ್ಲಿಗೆ ಹೋಗಿ ಹೋಗಿ ಬರುತ್ತದೆ.
ಎತ್ತರ ಮುನ್ನೂರ ಮೂವತ್ತಾರು ಸೆಂಟಿಮೀಟರ್.
ಹದಿನೇಳರ ಹತ್ತಿರವಿದ್ದ ಒಂದೊಂದು ಮೆಟ್ಟಿಲನ್ನೂ
ಹದಿನಾಲ್ಕಕ್ಕೆ ಇಳಿಸಿ
ಹಳೆಯ ರೂಢಿಯಲ್ಲಿ ಇಪ್ಪತ್ತೇ ಗೀಟು ಎಳೆದೆ.
ಪರಿಶೀಲಿಸುವವರು ಯಾರೂ ಇಲ್ಲ.
ಹೋಂವರ್ಕ್ ಬಿಟ್ಟು ಇಣುಕಿದ ಚಿನ್ಮಯಿ
ಅಂಚಿನಲ್ಲೇ ಭಾಗಾಕಾರ ಮಾಡಿ ಅಂದಳು,
‘ಇಪ್ಪತ್ನಾಲ್ಕು ಬೇಕು ಅವ್ವಾ. ಇನ್ನ ನಾಲ್ಕು ಎಲ್ಲಿಡ್ತಿ?’

ಹೌದಲ್ಲ. ತಗ್ಗಿಸಿದಷ್ಟೂ ಹೆಚ್ಚು ಮೆಟ್ಟಿಲು.
ಅಂಗಳದಲ್ಲಿ ಒಂದು ಮೀಟರಿಗೂ ಮಿಗಿಲು ಬಿಡಬೇಕು,
ನೀರಿನ ಟ್ಯಾಂಕು ಸರಿಸಬೇಕು,
ಇಲ್ಲವೇ ನಡುವೆ ಒಂದು ತಿರುವು,
ಅಲ್ಲಿ ಕೂತು ಉಸಿರು ಬಿಡಲು ಅಗಲದ ಕಲ್ಲು.

ಭಾನುವಾರದೊಳಗೆ ಸಹಿಯಾಗಬೇಕಾದ ಒಪ್ಪಂದ
ಫ್ರಿಜ್ಜಿನ ಬಾಗಿಲಲ್ಲಿ, ಮೀನಿನಾಕಾರದ ಮ್ಯಾಗ್ನೆಟ್ಟಿನ ಕೆಳಗಿದೆ.
ಹಾಲು ತೆಗೆಯುವಾಗೆಲ್ಲ ಹಾರುತ್ತದೆ.

ಕೆಳಗಿನ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದೆ.
ಹತ್ತೊಂಬತ್ತಕ್ಕೆ ಹಾಳೆ ಮುಗಿಯಿತು.
ಟೇಪು ತಾ, ಅಂದೆ ಮಗಳಿಗೆ,
ಇನ್ನೊಂದು ತುಂಡು ಅಂಟಿಸೋಣ.