ತುಟಿ ಮೊದಲು

ಹದಡಿ ರಸ್ತೆಯ ಸಮುದಾಯ ಭವನ. ಬೆಳಿಗ್ಗೆ ಏಳಕ್ಕೇ ಹೋಗಿ
ಊಟದ ಹಾಲಿನಿಂದ ಒಂದು ಟೇಬಲ್ಲು ಎಳೆದುಕೊಂಡು ಬಂದು
ಬಿಚ್ಚಿಟ್ಟೆ ನನ್ನ ಸ್ವಿಚರ್ರು.
ಮಿರ್ಚಿ ಕಟ್ಟಿಕೊಡುವ ಪೇಪರಿನಷ್ಟೇ ಅಗಲ,
ಸಾಲ ಮಾತ್ರ ಹದಿನೆಂಟು ಕಂತು.

ಒಂದಕ್ಕೆ ತಿಪ್ಪೇಶನ ಕ್ಯಾಮೆರಾ, ಎರಡಕ್ಕೆ ಜಬೀವುಲ್ಲಾನದು,
ಮೂರನೆಯದು ಸ್ಟ್ಯಾಂಡಿನ ಮೇಲೆ ಒಂಟಿಯಾಗಿ
ವೇದಿಕೆಯ ಮೋರೆಗಳನ್ನೇ ನೋಡುತ್ತ.
ನಾಲ್ಕಕ್ಕೆ ಲ್ಯಾಪ್‌ಟಾಪು, ಗಿರಣಿಯ ಹಳೇ ಫೋಟೋಗಳು.
ಮಿಕ್ಸರಿಗೆ ಮೈಕಿನ ವೈರು ಸಿಗಿಸಿದ್ದೇ
ಗುಂಯ್ ಅಂತು.
ಅಡುಗೆಯವರ ಗ್ರೈಂಡರ್ರೂ ನಾವೂ ಒಂದೇ ಬೋರ್ಡಿನಲ್ಲಿ.
ಆಚೆ ಗೋಡೆಯಿಂದ ಕರೆಂಟು ಎಳೆದೆ, ನಿಂತಿತು.

ಅಂಥ ಗುಂಯ್ ಒಳಗೆ ಇಪ್ಪತ್ತಾರು ವರ್ಷ ನಿಂತಿದ್ದಳು ಅವ್ವ.
ಅದಕ್ಕೆ ಆಚೆ ಗೋಡೆ ಇರಲಿಲ್ಲ.

ಹಾಲಮ್ಮ, ನೂಲುವ ಖಾತೆ, ಎರಡನೇ ಪಾಳಿ.
ಮೊದಲು ಹೋದದ್ದು ಗುಬ್ಬಿಯ ದನಿ, ಆಮೇಲೆ ಕುಕ್ಕರಿನದು,
ಆಮೇಲೆ ನನ್ನದು.
ಯಂತ್ರದ ಸಾಲಿನಲ್ಲಿ ಹೆಂಗಸರು ಬರೀ ತುಟಿಯಲ್ಲಿ ಮಾತಾಡುತ್ತಿದ್ದರಂತೆ,
ಮೇಸ್ತ್ರಿಯ ಮೂಗಿನ ಮುಂದೆಯೇ ಮೇಸ್ತ್ರಿಯ ಸುದ್ದಿ.
ಇವತ್ತು ಆ ಗಿರಣಿಯವರ ಕೂಟ.
ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರೆ ಒಲ್ಲೆನೆಂದು
ನನ್ನ ಪಕ್ಕ ಬಂದು ಕೂತಳು,
ಮಾನಿಟರಿನ ನಾಲ್ಕು ಚೌಕಗಳಿಗೆ ಕಣ್ಣು ಹಚ್ಚಿ.

ಚಿತ್ರ ಪೆಟ್ಟಿಗೆಯೊಳಗೆ ಸುತ್ತಿ ಬರುವಷ್ಟರಲ್ಲಿ
ದನಿ ಮೊದಲೇ ಬಂದು ಕೂತಿರುತ್ತದೆ.
ಎಷ್ಟೋ ಜನಕ್ಕೆ ತಿಳಿಯುವುದಿಲ್ಲ.
ಅವ್ವನಿಗಾಗಿ ಬಾಯಿ ದೊಡ್ಡದು ಮಾಡಿ ಮಾತಾಡಿ ಬೆಳೆದ ನನಗೆ
ಅದು ಅನ್ನದಲ್ಲಿ ಸಿಕ್ಕ ಕಲ್ಲು.
ದನಿಯನ್ನು ಮೂರು ಫ್ರೇಮು ತಡೆದೆ:
ತಡಿ, ತುಟಿ ಬರಲಿ.

ಕೊಟ್ರಬಸಪ್ಪನವರ ಸ್ವಾಗತ ಭಾಷಣ ನಲವತ್ತು ನಿಮಿಷ.
ಎರಡಕ್ಕೆ ಕಟ್, ಮತ್ತೆ ಒಂದಕ್ಕೆ.
ಮೂರು ಹಸಿರಲ್ಲಿ ಕಾಯುತ್ತಿದೆ, ಅದಕ್ಕೆ ಮೈಕಿಲ್ಲ.
ಅವ್ವ ಮೂರನ್ನು ಓದುತ್ತಾಳೆ, ಜೋರಾಗಿ, ಕಿವುಡರ ದನಿಯಲ್ಲಿ:
‘ಶುಗರ್ ಮಾತ್ರಿ ಮನ್ಯಾಗ ಬಿಟ್ಟೀನಿ, ಯಾವಾಗ ಮುಗಿಸ್ತಾನ ಇವ’
ಅಂತಿದಾರ ನೋಡು ನಿಮ್ಮ ಮುಖ್ಯ ಅತಿಥಿ.
ಹೆಡ್‌ಫೋನಿನಲ್ಲಿ ಜಬೀ: ಏನಕ್ಕಾ ನಗ್ತೀಯ, ಫೋಕಸ್ ಹೋಯ್ತಾ?

ಆಮೇಲೆ ಅಂಜಿನಪ್ಪ. ಶಾಲು, ಹಾರ, ಹಣ್ಣಿನ ಬುಟ್ಟಿ.
ರುದ್ರವ್ವನ ಸೆರಗು ಪಟ್ಟಿಗೆ ಸಿಕ್ಕ ದಿನ
ಓಡಿಹೋಗಿ ಮೋಟಾರು ನಿಲ್ಲಿಸಿದ ಧೀರ ಎಂದು
ಗಿರಣಿ ಅವತ್ತೇ ಕೊಟ್ಟಿತ್ತು ಗಡಿಯಾರ.
ಮೈಕು ಹಿಡಿದು ಬಾಯಿ ತೆರೆದ.
ಮೀಟರು ಏಳಲಿಲ್ಲ.
ಫೇಡರು ತುದಿಯವರೆಗೂ ದೂಡಿದೆ. ಕತ್ತಲೆ. ಬ್ಯಾಟರಿ ಸತ್ತಿದೆ.
ತಿಪ್ಪೇಶ ಇನ್ನೊಂದು ಮೈಕಿಗೆ ಓಡಿದ.
ಅಷ್ಟರಮಟ್ಟಿಗೆ ಹಳೇ ಫೋಟೋ ಹಾಕೋಣವೆಂದು
ಬೆರಳು ನಾಲ್ಕರ ಮೇಲಿಟ್ಟರೆ
ಅವ್ವ ಮಣಿಕಟ್ಟು ಹಿಡಿದಳು.

‘ಅವತ್ತು ಮೋಟಾರು ನಿಲ್ಲಿಸಿದಾಕ ನಾನಲ್ಲ
ಅಂತಾನ. ಆ ಗಡಿಯಾರ ನಂದಲ್ಲ,
ಅದು...’

ಸುಮ್ಮನಾದಳು.
ಏನಂದ ಅವ್ವ, ಎಂದು ತುಟಿಯಲ್ಲಿ ಕೇಳಿದೆ.
ತಿಳೀಲಿಲ್ಲ, ಹಲ್ಲಿಲ್ಲ ಅವಗ, ಅಂದಳು.

ನನಗೂ ಅಷ್ಟೋ ಇಷ್ಟೋ ಬರುತ್ತದೆ.
ಹಾ ಎಂದರೆ ಬಾಯಿ ತೆರೆಯಬೇಕು,
ಲ ಎಂದರೆ ನಾಲಿಗೆ ಮೇಲಕ್ಕೆ,
ಮ್ಮ ಎನ್ನುವುದಕ್ಕೆ
ಹಲ್ಲಿಲ್ಲದವರೂ ತುಟಿ ಮುಚ್ಚಲೇಬೇಕು.

ಹೊಸ ಮೈಕು ಬಂತು. ‘...ಇಷ್ಟೇ ನನ್ನ ಮಾತು, ಎಲ್ಲರಿಗೂ ಶರಣು.’
ಚಪ್ಪಾಳೆಗೆ ಮೀಟರು ಕೆಂಪಾಯಿತು, ತಗ್ಗಿಸಿದೆ.
ಅವ್ವ ಸೆರಗಿನಿಂದ ಮಾನಿಟರಿನ ಧೂಳು ಒರೆಸುತ್ತಿದ್ದಳು,
ಮೂರನೇ ಚೌಕವೊಂದನ್ನೇ.

ಮರುದಿನ ಕೊಟ್ರಬಸಪ್ಪನವರ ಫೋನು:
ದನಿ ಇಲ್ಲದ ಆ ಅರ್ಧ ನಿಮಿಷ ತೆಗೆದುಬಿಡಮ್ಮ, ಚೆನ್ನಾಗಿ ಕಾಣಲ್ಲ.
ಆಯ್ತು ಸಾರ್. ಕಂತು ಇನ್ನೂ ಏಳಿವೆ.
ಅವರ ಪೆನ್‌ಡ್ರೈವಿನಲ್ಲಿ ತೆಗೆದೆ.
ನಮ್ಮದರಲ್ಲಿ ಇದೆ.
ಅವ್ವ ಕೇಳಿಲ್ಲ.